ಕಾಬೂಲಿನ ಕಲಹಕ್ಕೆ ಕೈಹಾಕದ ವೈಸರಾಯ್

1863ರ ಜೂನ್ 9ರಂದು ಅಫ್ಘಾನಿಸ್ತಾನದ ಅಮೀರ ದೋಸ್ತ್ ಮೊಹಮ್ಮದ್ ಖಾನ್ ಹೆರಾತ್ ನಗರದಲ್ಲಿ ಕೊನೆಯುಸಿರೆಳೆದ. ಆ ನಗರವನ್ನು ಗೆದ್ದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಉತ್ತರಾಧಿಕಾರಿಯೆಂದು ಆತ ಆರಿಸಿದ್ದ ಶೇರ್ ಅಲಿ ಖಾನ್ ಹಿರಿಯ ಮಗನಲ್ಲ. ವಯಸ್ಸಿನಲ್ಲಿ ಹಿರಿಯರಾದ ಮಲಸಹೋದರರು ಅದನ್ನು ಒಪ್ಪಲೂ ಇಲ್ಲ. ಮುಂದಿನ ಐದು ವರ್ಷಗಳ ಕಾಲ ಕಾಬೂಲ್ ಮತ್ತು ಕಂದಹಾರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಲೇ ಇದ್ದವು.

ಪೇಶಾವರದವರೆಗೆ ಚಾಚಿಕೊಂಡಿದ್ದ ಬ್ರಿಟಿಷ್ ಭಾರತಕ್ಕೆ ಇದು ದೂರದ ಸುದ್ದಿಯಾಗಿರಲಿಲ್ಲ. ಖೈಬರ್ ಕಣಿವೆಯ ಆಚೆಗೇ ಆ ರಾಜ್ಯವಿತ್ತು. ಉತ್ತರದಲ್ಲಿ ರಷ್ಯಾ ಮಧ್ಯ ಏಷ್ಯಾದ ಒಂದೊಂದೇ ನಗರವನ್ನು ನುಂಗುತ್ತ ಬರುತ್ತಿತ್ತು. ಕಾಬೂಲಿನ ಕಲಹದಲ್ಲಿ ಯಾರಾದರೊಬ್ಬರ ಪಕ್ಷ ವಹಿಸಬೇಕು, ಸೇನೆಯನ್ನು ಮುಂದಕ್ಕೆ ನುಗ್ಗಿಸಬೇಕು ಎಂಬ ಕೂಗು ಲಂಡನ್ನಿನಿಂದ ಸಿಂಧ್‌ವರೆಗೆ ಕೇಳಿಬರುತ್ತಿತ್ತು. ಆ ಕೂಗಿಗೆ ಐದು ವರ್ಷ ಕಿವಿಗೊಡದೆ ಕುಳಿತವನು ವೈಸರಾಯ್ ಜಾನ್ ಲಾರೆನ್ಸ್. ಆತನ ಆ ಧೋರಣೆಗೆ ಆಗಿನ ಬರಹಗಾರರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಜಾಣ ನಿಷ್ಕ್ರಿಯತೆ ಎನ್ನಬಹುದು. ಬೆಂಬಲಿಗರು ಮೊದಲ ಪದವನ್ನು ಹಿಡಿದುಕೊಂಡರು, ವಿರೋಧಿಗಳು ಎರಡನೆಯದನ್ನು.

ಅಸ್ಥಿರ ನೆರೆರಾಜ್ಯವೊಂದನ್ನು ನಿಭಾಯಿಸುವ ಬಗೆ ಹೇಗೆ ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ. 2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲನ್ನು ಪ್ರವೇಶಿಸಿದ ದಿನ ಸುತ್ತಲಿನ ಎಲ್ಲ ರಾಜಧಾನಿಗಳೂ ಈ ಪ್ರಶ್ನೆಯನ್ನು ಕೇಳಿಕೊಂಡವು. ಹಾಗಾಗಿ ನೂರೈವತ್ತು ವರ್ಷಗಳ ಹಿಂದಿನ ಈ ಆಡಳಿತಗಾರನ ಬದುಕನ್ನು ಒಮ್ಮೆ ತಿರುವಿ ನೋಡುವುದು ಅಪ್ರಸ್ತುತವಾಗಲಾರದು.

ಸೈನಿಕನಾಗಬಯಸಿದ ಗುಮಾಸ್ತ

ಜಾನ್ ಲಾರೆನ್ಸ್ ಜನಿಸಿದ್ದು 1811ರ ಮಾರ್ಚ್ 4ರಂದು, ಇಂಗ್ಲೆಂಡಿನ ಯಾರ್ಕ್‌ಶೈರಿನ ರಿಚ್ಮಂಡ್ ಎಂಬ ಊರಿನಲ್ಲಿ. ಮನೆತನ ಉತ್ತರ ಐರ್ಲೆಂಡಿನದು. ತಂದೆ ಸೈನಿಕ. ಅಣ್ಣಂದಿರಾದ ಜಾರ್ಜ್ ಮತ್ತು ಹೆನ್ರಿ ಭಾರತದ ಸೇನೆ ಸೇರಿದ್ದರು. ಜಾನ್‌ಗೂ ಖಡ್ಗದ ಮೇಲೆಯೇ ಮನಸ್ಸು. ಆದರೆ ಸಿಕ್ಕಿದ್ದು ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ಸೇವೆ. ಒಲ್ಲದ ಮನಸ್ಸಿನಿಂದಲೇ ಹೈಲಿಬರಿ ಕಾಲೇಜಿನಲ್ಲಿ ಓದಿ 1830ರಲ್ಲಿ ಕಲ್ಕತ್ತೆಗೆ ಬಂದಿಳಿದ.

ದೆಹಲಿ, ಪಾಣಿಪತ್, ಗುರಗಾಂವ್, ಇಟಾವಾ ಹೀಗೆ ಹಲವೆಡೆ ಕಂದಾಯ ಮತ್ತು ನ್ಯಾಯದ ಕೆಲಸದಲ್ಲಿ ಹತ್ತಾರು ವರ್ಷಗಳನ್ನು ಕಳೆದ. ಹಳ್ಳಿಗಳಲ್ಲಿ ಕುದುರೆಯ ಮೇಲೆ ತಿರುಗಿ ಜಮೀನಿನ ಲೆಕ್ಕ, ನೀರಿನ ಜಗಳ, ಕಳ್ಳತನದ ದೂರುಗಳನ್ನು ವಿಚಾರಿಸುವುದೇ ದಿನಚರಿ. ರಾಜ್ಯದ ಬಲವು ರೈತನು ತೆರುವ ಕಂದಾಯದಲ್ಲಿದೆ, ದೂರದ ಕೋಟೆಗಳಲ್ಲಿಲ್ಲ ಎಂಬ ನಂಬಿಕೆ ಆತನಲ್ಲಿ ಬೇರೂರಿದ್ದು ಈ ದಿನಗಳಲ್ಲಿಯೇ ಇರಬೇಕು. ಗಡಿಯ ಬಗ್ಗೆ ಆತ ಮುಂದೆ ಬರೆದುದರಲ್ಲೆಲ್ಲ ಖರ್ಚಿನ ಲೆಕ್ಕ ಇದ್ದೇ ಇರುತ್ತದೆ.

ಆ ಹೊತ್ತಿಗೆ ಕಂಪನಿ ಸರ್ಕಾರ ಕಾಬೂಲಿನಲ್ಲಿ ತನ್ನ ಮೊದಲ ಪ್ರಯೋಗ ನಡೆಸಿತ್ತು. ದೋಸ್ತ್ ಮೊಹಮ್ಮದ್ ರಷ್ಯಾದ ಕಡೆ ವಾಲುತ್ತಿದ್ದಾನೆ ಎಂಬ ಭಯದಿಂದ 1839ರಲ್ಲಿ ಸೇನೆ ಕಳುಹಿಸಿ, ಆತನನ್ನು ಕೆಳಗಿಳಿಸಿ, ಹಿಂದೊಮ್ಮೆ ಪಟ್ಟ ಕಳೆದುಕೊಂಡಿದ್ದ ಶಾ ಶುಜಾನನ್ನು ಸಿಂಹಾಸನದ ಮೇಲೆ ಕೂರಿಸಿತು. ಎರಡೇ ವರ್ಷದಲ್ಲಿ ಕಾಬೂಲ್ ದಂಗೆಯೆದ್ದಿತು. 1842ರ ಜನವರಿಯಲ್ಲಿ ಹಿಮ ತುಂಬಿದ ಕಣಿವೆಗಳ ಮೂಲಕ ಹಿಂದಿರುಗಲು ಹೊರಟವರು ಸುಮಾರು 4,500 ಸೈನಿಕರು ಮತ್ತು 12,000 ಮಂದಿ ಪರಿವಾರದವರು. ಅವರಲ್ಲಿ ಬಹುಪಾಲು ಭಾರತೀಯರೇ. ಜನವರಿ 13ರಂದು ಜಲಾಲಾಬಾದಿನ ಕೋಟೆಯನ್ನು ಮುಟ್ಟಿದ ಡಾಕ್ಟರ್ ಬ್ರೈಡನ್ನನ ಕಥೆ ಪ್ರಸಿದ್ಧವಾಗಿದೆ. ದಾರಿಯಲ್ಲಿ ಹೆಪ್ಪುಗಟ್ಟಿ ಸತ್ತ ಹಿಂದುಸ್ತಾನಿ ಸಿಪಾಯಿಗಳ ಕಥೆ ಅಷ್ಟು ಪ್ರಸಿದ್ಧವಲ್ಲ.

ಲಾರೆನ್ಸ್ ಕುಟುಂಬಕ್ಕೆ ಈ ದುರಂತ ಪತ್ರಿಕೆಯಲ್ಲಿ ಓದಿ ಮರೆಯುವ ಸಂಗತಿಯಾಗಿರಲಿಲ್ಲ. ಅಣ್ಣ ಜಾರ್ಜ್ ಕಾಬೂಲಿನಲ್ಲಿ ಒತ್ತೆಯಾಳಾಗಿ ಸಿಕ್ಕಿಬಿದ್ದ. ಇನ್ನೊಬ್ಬ ಅಣ್ಣ ಹೆನ್ರಿ, ಸೇಡು ತೀರಿಸಲು ಹೊರಟ ಜನರಲ್ ಪೊಲಾಕನ ಸೇನೆಯ ಜತೆ ಹೋದ. ಜಾರ್ಜ್ ಬದುಕಿ ಬಂದ. ಆದರೆ ಇಷ್ಟೆಲ್ಲ ರಕ್ತ ಹರಿದ ಮೇಲೆ 1843ರಲ್ಲಿ ಕಾಬೂಲಿಗೆ ಮರಳಿ ಅಮೀರನಾದವನು ಅದೇ ದೋಸ್ತ್ ಮೊಹಮ್ಮದ್. ನಾಲ್ಕು ವರ್ಷದ ಯುದ್ಧದ ಫಲ ಇಷ್ಟೇ. ಜಾನ್ ಲಾರೆನ್ಸನ ಅಫ್ಘನ್ ನೀತಿಯ ಬೇರು ಹುಡುಕುವವರು ಇದಕ್ಕಿಂತ ದೂರ ಹೋಗಬೇಕಾಗಿಲ್ಲ.

ಪಂಜಾಬಿನ ಗಡಿ

1845-46ರ ಮೊದಲ ಸಿಖ್ ಯುದ್ಧದಲ್ಲಿ ದೆಹಲಿಯ ಅಧಿಕಾರಿಯಾಗಿದ್ದ ಲಾರೆನ್ಸ್ ಸಾವಿರಾರು ಗಾಡಿಗಳಲ್ಲಿ ಮದ್ದುಗುಂಡು, ದವಸವನ್ನು ಸಕಾಲಕ್ಕೆ ರಣರಂಗಕ್ಕೆ ಮುಟ್ಟಿಸಿದ. ಗವರ್ನರ್ ಜನರಲ್ ಹಾರ್ಡಿಂಜ್ ಅದನ್ನು ಮರೆಯಲಿಲ್ಲ. ಜಲಂಧರ ದೋಆಬಿನ ಆಡಳಿತ ಆತನ ಪಾಲಿಗೆ ಬಂತು. 1849ರಲ್ಲಿ ಪಂಜಾಬ್ ಪೂರ್ತಿಯಾಗಿ ಕಂಪನಿಯ ವಶವಾದಾಗ ಅದನ್ನು ಆಳಲು ರಚಿಸಿದ ಮೂವರ ಮಂಡಳಿಯಲ್ಲಿ ಅಣ್ಣ ಹೆನ್ರಿಯೂ ತಮ್ಮ ಜಾನ್‌ನೂ ಇದ್ದರು. ಇಬ್ಬರಿಗೂ ಹೊಂದಲಿಲ್ಲ. ಹಳೆಯ ಜಾಗೀರುದಾರರ ಮೇಲೆ ಹೆನ್ರಿಗೆ ಮರುಕ, ರೈತನ ಕಂದಾಯ ತಗ್ಗಿಸುವುದರ ಮೇಲೆ ಜಾನ್‌ಗೆ ಒಲವು. 1853ರಲ್ಲಿ ಡಾಲ್‌ಹೌಸಿ ಮಂಡಳಿಯನ್ನೇ ರದ್ದುಪಡಿಸಿ ಹೆನ್ರಿಯನ್ನು ರಾಜಪುತಾನಕ್ಕೆ ಕಳುಹಿಸಿದ. ಜಾನ್ ಪಂಜಾಬಿನ ಚೀಫ್ ಕಮಿಷನರ್ ಆದ.

ಈಗ ಅಫ್ಘಾನಿಸ್ತಾನ ಆತನ ಮನೆಬಾಗಿಲಲ್ಲಿತ್ತು. ನಡುವೆ ಇದ್ದದ್ದು ಕಾಬೂಲಿಗೂ ಬಗ್ಗದ, ಲಾಹೋರಿಗೂ ಬಗ್ಗದ ಪಠಾಣ ಬುಡಕಟ್ಟುಗಳ ಬೆಟ್ಟಸೀಮೆ. ಅಲ್ಲಿಂದ ತಂಡಗಳು ಇಳಿದು ಬಯಲಿನ ಹಳ್ಳಿಗಳನ್ನು ದೋಚಿ ಮರಳುತ್ತಿದ್ದವು. ಪಂಜಾಬ್ ಸರ್ಕಾರ ಬೆಟ್ಟಗಳನ್ನು ಗೆಲ್ಲುವ ಗೋಜಿಗೆ ಹೋಗಲಿಲ್ಲ. ಬುಡದುದ್ದಕ್ಕೂ ಠಾಣೆಗಳನ್ನು ಕಟ್ಟಿ, ಅವುಗಳನ್ನು ರಸ್ತೆಯಿಂದ ಜೋಡಿಸಿ, ಸ್ಥಳೀಯರನ್ನೇ ಸೇರಿಸಿದ ವಿಶೇಷ ಗಡಿ ಪಡೆಯನ್ನು ನಿಲ್ಲಿಸಿತು. ಶಾಂತವಾಗಿರುವ ಬುಡಕಟ್ಟು ಬಯಲಿನ ಸಂತೆಗೆ ಬರಬಹುದು, ಕೆಲವರಿಗೆ ಕಣಿವೆ ಕಾಯಲು ಭತ್ಯೆಯೂ ಉಂಟು. ದರೋಡೆ ನಡೆದರೆ ಇಡೀ ಬುಡಕಟ್ಟೇ ದಂಡ ತೆರಬೇಕು. ತೆರದಿದ್ದರೆ ಸಂತೆಯ ಬಾಗಿಲು ಬಂದ್. ಬಯಲಿಗೆ ಬಂದ ಆ ಬುಡಕಟ್ಟಿನ ಜನರನ್ನೂ ದನಕರುಗಳನ್ನೂ ಹಿಡಿದಿಡುವ ಪದ್ಧತಿಗೆ ಗಡಿಯ ಭಾಷೆಯಲ್ಲಿ ಬರಾಂಪ್ತಾ ಎಂಬ ಹೆಸರಿತ್ತು. ಕೊನೆಯ ಅಸ್ತ್ರವೆಂದರೆ ದಂಡಯಾತ್ರೆ. ಹಳ್ಳಿ ಸುಟ್ಟು, ಪೈರು ನಾಶ ಮಾಡಿ ಹಿಂದಿರುಗುವುದು. ಯಾರೋ ಒಬ್ಬ ಮಾಡಿದ ಕಳ್ಳತನಕ್ಕೆ ಊರಿಗೆ ಊರೇ ಉಪವಾಸ ಬೀಳುತ್ತಿದ್ದ ಈ ವ್ಯವಸ್ಥೆಯನ್ನು ನ್ಯಾಯವೆಂದು ಕರೆಯುವುದು ಕಷ್ಟ. ಅಗ್ಗವಾಗಿತ್ತು ಎಂಬುದಷ್ಟೇ ಅದರ ಸಮರ್ಥನೆ.

ಅಮೀರನೊಡನೆ ಒಪ್ಪಂದವಾಗಬೇಕೆಂಬ ಹಂಬಲ ಲಾರೆನ್ಸನದಲ್ಲ, ಪೇಶಾವರದ ಕಮಿಷನರ್ ಹರ್ಬರ್ಟ್ ಎಡ್ವರ್ಡ್ಸ್‌ನದು. ಲಾರೆನ್ಸನಿಗೆ ಅದರಲ್ಲಿ ಹೆಚ್ಚು ನಂಬಿಕೆಯಿರಲಿಲ್ಲ. ಆದರೂ 1855ರ ಮಾರ್ಚ್ 30ರಂದು ಪೇಶಾವರದಲ್ಲಿ ದೋಸ್ತ್ ಮೊಹಮ್ಮದನ ಮಗನೊಡನೆ ಸಹಿ ಹಾಕಿದವನು ಆತನೇ. ಮೂರೇ ಕಲಮುಗಳ ಪುಟ್ಟ ಒಪ್ಪಂದ. ಪರಸ್ಪರ ಶಾಂತಿ, ಪರಸ್ಪರ ಗಡಿಗೆ ಗೌರವ. ಮೂರನೆಯದರಲ್ಲಿ ಮಾತ್ರ ಜಾಣತನವಿತ್ತು. ಕಂಪನಿಯ ಮಿತ್ರರು ಅಮೀರನಿಗೂ ಮಿತ್ರರು, ಕಂಪನಿಯ ಶತ್ರುಗಳು ಆತನಿಗೂ ಶತ್ರುಗಳು. ಅಮೀರನ ಶತ್ರುಗಳ ಬಗ್ಗೆ ಕಂಪನಿ ಯಾವ ಮಾತನ್ನೂ ಕೊಡಲಿಲ್ಲ.

ಮರುವರ್ಷ ಪರ್ಷಿಯಾ ಹೆರಾತನ್ನು ವಶಪಡಿಸಿಕೊಂಡಾಗ ಅಮೀರ ತಾನೇ ಪೇಶಾವರಕ್ಕೆ ಬಂದ. 1857ರ ಜನವರಿ 26ರ ಎರಡನೆಯ ಒಪ್ಪಂದದಂತೆ ಪರ್ಷಿಯಾದೊಡನೆ ಯುದ್ಧ ನಡೆಯುವವರೆಗೆ ತಿಂಗಳಿಗೆ ಒಂದು ಲಕ್ಷ ರೂಪಾಯಿ ಮತ್ತು 4,000 ಬಂದೂಕುಗಳು ಆತನಿಗೆ ಸಂದವು. ಯುದ್ಧ ಮುಗಿದ ಮೇಲೆ ಕಾಬೂಲಿನಲ್ಲಿ ಬ್ರಿಟಿಷ್ ಅಧಿಕಾರಿ ಇರತಕ್ಕದ್ದಲ್ಲ, ಭಾರತೀಯ ಮುಸ್ಲಿಂ ವಕೀಲನೊಬ್ಬ ಇದ್ದರೆ ಸಾಕು ಎಂಬ ತಿಳಿವಳಿಕೆಯಾಯಿತು. ವಕೀಲ ಎಂದರೆ ಇಲ್ಲಿ ಕರಿಕೋಟಿನ ವಕೀಲನಲ್ಲ. ನಮ್ಮ ಮೈಸೂರು, ಮರಾಠಾ ದರ್ಬಾರುಗಳಲ್ಲಿ ಇರುತ್ತಿದ್ದಂತಹ ರಾಜಪ್ರತಿನಿಧಿ. ಸಣ್ಣದೆಂದು ತೋರುವ ಈ ಷರತ್ತಿನ ಮೇಲೆಯೇ ಮುಂದೊಂದು ಯುದ್ಧ ನಡೆಯಲಿತ್ತು.

ಪೇಶಾವರವನ್ನೇ ಬಿಡಲು ಹೊರಟಾಗ

ಒಪ್ಪಂದದ ಶಾಯಿ ಆರಿ ನಾಲ್ಕು ತಿಂಗಳಾಗುವಷ್ಟರಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದರು. ದೆಹಲಿ ಕೈಬಿಟ್ಟಿತು. ಪಂಜಾಬಿನಲ್ಲಿ ಲಾರೆನ್ಸ್ ಭಾರತೀಯ ಪಡೆಗಳನ್ನು ನಿರಾಯುಧಗೊಳಿಸುತ್ತ, ಹೊಸದಾಗಿ ಸಿಖ್ಖರನ್ನೂ ಪಠಾಣರನ್ನೂ ಸೇರಿಸಿಕೊಳ್ಳುತ್ತ, ಇದ್ದಬದ್ದ ಪಡೆಯನ್ನೆಲ್ಲ ದೆಹಲಿಗೆ ಅಟ್ಟಿದ. ದೊಡ್ಡ ಭಯ ಬೇರೆಯೇ ಇತ್ತು. ಪೇಶಾವರ ಮೂಲತಃ ಅಫ್ಘನ್ನರ ನಗರ, ಸಿಖ್ಖರು ಅದನ್ನು ಕಸಿದುಕೊಂಡಿದ್ದರು. ಅದನ್ನು ಮರಳಿ ಪಡೆಯುವುದು ದೋಸ್ತ್ ಮೊಹಮ್ಮದನ ಜೀವಮಾನದ ಕನಸು. ಅಮೀರ ಈಗ ಖೈಬರ್ ಇಳಿದುಬಂದರೆ ಗತಿಯೇನು?

ಲಾರೆನ್ಸ್ ಮುಂದಿಟ್ಟ ಸಲಹೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ದೆಹಲಿಯ ಮುತ್ತಿಗೆ ವಿಫಲವಾಗುವ ಸ್ಥಿತಿ ಬಂದರೆ ಪೇಶಾವರವನ್ನು ಸ್ನೇಹದ ಕಾಣಿಕೆಯಾಗಿ ಅಮೀರನಿಗೇ ಕೊಟ್ಟು, ಸಿಂಧೂ ನದಿಯ ಈಚೆಗೆ ಸರಿದು, ಅಲ್ಲಿನ ಪಡೆಯನ್ನು ದೆಹಲಿಗೆ ಕಳುಹಿಸೋಣ ಎಂಬುದು ಆತನ ಲೆಕ್ಕ. ಎಡ್ವರ್ಡ್ಸ್, ನಿಕಲ್ಸನ್, ಸಿಡ್ನಿ ಕಾಟನ್ ಮೂವರೂ ಖಂಡಿಸಿದರು. ಪೇಶಾವರ ಬಿಟ್ಟ ಸುದ್ದಿ ಹರಡಿದರೆ ಪಂಜಾಬ್ ಉಳಿಯದು ಎಂಬುದು ಅವರ ವಾದ. ಗವರ್ನರ್ ಜನರಲ್ ಕ್ಯಾನಿಂಗ್ ಕೂಡ ಕೊನೆಯವರೆಗೂ ಪೇಶಾವರವನ್ನು ಬಿಡಕೂಡದೆಂದು ಆದೇಶಿಸಿದ. ಅವರೇ ಸರಿಯೆಂದು ಕಾಲ ತೋರಿಸಿತು. ದೋಸ್ತ್ ಮೊಹಮ್ಮದ್ ತನ್ನವರ ಒತ್ತಾಯಕ್ಕೂ ಮಣಿಯದೆ ಕದಲದೇ ಉಳಿದ. ಸೆಪ್ಟೆಂಬರಿನಲ್ಲಿ ದೆಹಲಿ ಮತ್ತೆ ಬ್ರಿಟಿಷರ ವಶವಾಯಿತು. ತಾನು ನಂಬದೆ ಸಹಿ ಹಾಕಿದ್ದ ಒಪ್ಪಂದವೇ ಲಾರೆನ್ಸನನ್ನು ಕಾಪಾಡಿತ್ತು. ಅಣ್ಣ ಹೆನ್ರಿ ಮಾತ್ರ ಜುಲೈ 4ರಂದೇ ಲಖನೌದಲ್ಲಿ ಗಾಯದಿಂದ ಅಸುನೀಗಿದ್ದ.

ಈ ಗೆಲುವಿನ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಅಮೃತಸರದ ಬಳಿಯ ಅಜ್ನಾಲಾದಲ್ಲಿ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್, ಶರಣಾದ 282 ಸಿಪಾಯಿಗಳನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದ. ಹಲವರು ಕೂಡಿಹಾಕಿದ ಕೋಣೆಯಲ್ಲೇ ಉಸಿರುಗಟ್ಟಿ ಸತ್ತಿದ್ದರು. ಕೂಪರನನ್ನು ಶಿಕ್ಷಿಸಬೇಕಿದ್ದ ಲಾರೆನ್ಸ್ ಅಭಿನಂದಿಸಿ ಪತ್ರ ಬರೆದ. ಅದೇ ಲಾರೆನ್ಸ್ ಮುಂದೆ ದೆಹಲಿಯ ಜಾಮಾ ಮಸೀದಿಯನ್ನು ಕೆಡವಬೇಕೆಂದವರಿಗೆ ಅಡ್ಡ ನಿಂತು ಅದನ್ನು ಉಳಿಸಿದ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿ ಸರಿದೂಗಿಸಲು ಬಾರದು.

ಐದು ವರ್ಷದ ಮೌನ

1859ರಲ್ಲಿ ಇಂಗ್ಲೆಂಡಿಗೆ ಮರಳಿದ್ದ ಲಾರೆನ್ಸನನ್ನು, ವೈಸರಾಯ್ ಎಲ್ಗಿನ್ ಹಠಾತ್ತನೆ ನಿಧನನಾದ ಬಳಿಕ ಆ ಪದವಿಗೆ ಆರಿಸಲಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನಗಳಿಗೆ ಮೀಸಲೆಂಬಂತಿದ್ದ ಪೀಠದ ಮೇಲೆ, ಜಿಲ್ಲೆಗಳಲ್ಲಿ ಸವೆದ ಅಧಿಕಾರಿಯೊಬ್ಬ 1864ರ ಜನವರಿಯಲ್ಲಿ ಕುಳಿತ. ಸರ್ಕಾರವೇ ಬೇಸಿಗೆಗೆ ಸಿಮ್ಲಾಕ್ಕೆ ಏರುವ ವಾರ್ಷಿಕ ರೂಢಿ ಗಟ್ಟಿಯಾದದ್ದು ಆತನ ಕಾಲದಲ್ಲೇ.

ಆಗಲೇ ಅಫ್ಘಾನಿಸ್ತಾನದಲ್ಲಿ ದಾಯಾದಿ ಕದನ ಶುರುವಾಗಿತ್ತು. 1864ರಲ್ಲಿ ಶೇರ್ ಅಲಿ ಮಲಸಹೋದರ ಅಫ್ಜಲ್ ಖಾನನನ್ನು ಸೆರೆಯಲ್ಲಿಟ್ಟ. 1866ರಲ್ಲಿ ಅಫ್ಜಲನ ಮಗ ಅಬ್ದುರ್ ರಹಮಾನ್ ಮತ್ತು ಇನ್ನೊಬ್ಬ ಸಹೋದರ ಆಜಂ ಖಾನ್ ಕಾಬೂಲನ್ನು ಗೆದ್ದು ಅಫ್ಜಲನನ್ನು ಅಮೀರನೆಂದು ಸಾರಿದರು. ಮರುವರ್ಷ ಕಂದಹಾರೂ ಹೋಯಿತು, ಶೇರ್ ಅಲಿಗೆ ಉಳಿದದ್ದು ಹೆರಾತ್. 1867ರ ಅಕ್ಟೋಬರಿನಲ್ಲಿ ಅಫ್ಜಲ್ ತೀರಿಕೊಂಡು ಆಜಂ ಪಟ್ಟಕ್ಕೇರಿದ. 1868ರ ಸೆಪ್ಟೆಂಬರಿನಲ್ಲಿ ಶೇರ್ ಅಲಿ ಮತ್ತೆ ಕಾಬೂಲಿಗೆ ಬಂದ.

ಲಾರೆನ್ಸ್ ಹಿಡಿದ ಸೂತ್ರ ಸರಳವಾಗಿತ್ತು. ಸಿಂಹಾಸನದ ಹಕ್ಕು ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಯಾರ ಕೈಯಲ್ಲಿ ನಗರವಿದೆಯೋ ಅವನೊಡನೆ ವ್ಯವಹಾರ. ಹೀಗಾಗಿ ಕಾಬೂಲ್ ಗೆದ್ದ ಅಫ್ಜಲನಿಗೆ ಕಾಬೂಲಿನ ಒಡೆಯನೆಂದು ಪತ್ರ ಹೋಯಿತು, ಕಂದಹಾರ್ ಗೆದ್ದಾಗ ಬಿರುದಿಗೆ ಕಂದಹಾರೂ ಸೇರಿತು. ಅದೇ ಹೊತ್ತಿಗೆ ಹೆರಾತಿನ ಒಡೆಯನಾಗಿ ಶೇರ್ ಅಲಿಗೂ ಮನ್ನಣೆ ಇತ್ತು. ಕಲಹ ನಡೆಯುವವರೆಗೆ ಯಾರಿಗೂ ಹಣವಿಲ್ಲ, ಬಂದೂಕಿಲ್ಲ. ಶೇರ್ ಅಲಿ ಗೆದ್ದು ನೆಲೆಯಾದ ಮೇಲಷ್ಟೇ ಲಾರೆನ್ಸನ ಕೈ ಸಡಿಲವಾಯಿತು. ಆರು ಲಕ್ಷ ರೂಪಾಯಿ, ಸಾವಿರಾರು ಬಂದೂಕುಗಳು, ಇನ್ನೂ ಆರು ಲಕ್ಷದ ವಾಗ್ದಾನ. ಕಾಬೂಲಿನ ವಕೀಲ ಅಲ್ಲಿಯೇ ಇದ್ದು ಸುದ್ದಿ ಬರೆಯುತ್ತಿದ್ದ.

ಈ ನೀತಿಯಲ್ಲಿ ಒಂದು ಬಿರುಕು ಇತ್ತು. ಗೆದ್ದವನನ್ನು ಗುರುತಿಸುತ್ತೇವೆ ಎಂದು ಸಾರುವುದೆಂದರೆ ಬಂಡಾಯಗಾರನಿಗೆ ಗೆಲ್ಲಲು ಪ್ರಯತ್ನಿಸು ಎಂದಂತೆಯೇ ಅಲ್ಲವೇ? ತಂದೆ ಮಾಡಿಕೊಂಡ ಒಪ್ಪಂದಕ್ಕೆ ನಿಷ್ಠನಾಗಿದ್ದ ತನ್ನನ್ನು ಕಷ್ಟಕಾಲದಲ್ಲಿ ಕೈಬಿಟ್ಟರು ಎಂಬ ಕಹಿ ಶೇರ್ ಅಲಿಯ ಮನಸ್ಸಿನಲ್ಲಿ ಉಳಿಯಿತು. ಬಂದ ಹಣ ಆ ಕಹಿಯನ್ನು ಪೂರ್ತಿ ತೊಳೆಯಲಿಲ್ಲ.

ಇತ್ತ ರಷ್ಯಾ 1865ರಲ್ಲಿ ತಾಷ್ಕೆಂಟನ್ನೂ 1868ರಲ್ಲಿ ಸಮರಖಂಡವನ್ನೂ ಹಿಡಿಯಿತು. ಹಿಂದೆ ಕಂದಹಾರಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಹೆನ್ರಿ ರಾಲಿನ್ಸನ್ 1868ರ ಜುಲೈಯಲ್ಲಿ ಲಂಡನ್ನಿನಲ್ಲಿ ದೀರ್ಘ ಟಿಪ್ಪಣಿ ಬರೆದು ಕ್ವೆಟ್ಟಾದಲ್ಲಿ ಸೇನೆ ಇಡಬೇಕು, ಕಾಬೂಲಿನಲ್ಲಿ ಪ್ರಭಾವ ಸ್ಥಾಪಿಸಬೇಕು ಎಂದು ವಾದಿಸಿದ. ಲಾರೆನ್ಸ್ ಸರ್ಕಾರದ ಉತ್ತರ 1869ರ ಜನವರಿ 4ರಂದು ಹೊರಟಿತು. ಅಫ್ಘನ್ನರು ತಮ್ಮ ನೆಲಕ್ಕೆ ಮೊದಲು ಕಾಲಿಟ್ಟವರನ್ನು ದ್ವೇಷಿಸುತ್ತಾರೆ, ಆ ದ್ವೇಷ ರಷ್ಯಾದ ಪಾಲಿಗೇ ಇರಲಿ. ಬಡ, ಕಡಿದಾದ ಆ ನಾಡನ್ನು ದಾಟಿ ದಣಿದು ಬರುವ ಸೇನೆಯನ್ನು ನಮ್ಮ ಗಡಿಯಲ್ಲೇ ಎದುರಿಸುವುದು ಲೇಸು. ಬೊಕ್ಕಸದ ಹಣ ಭಾರತದೊಳಗೆ ವಿನಿಯೋಗವಾಗಲಿ. ರಷ್ಯಾದೊಡನೆ ಮಾತು ಲಂಡನ್ನಿನಲ್ಲಿ ನಡೆಯಲಿ. ಇದು ಆ ಉತ್ತರದ ತಿರುಳು. ಒಂದು ವಾರದ ಬಳಿಕ ಆತ ಲಾರ್ಡ್ ಮೇಯೋಗೆ ಅಧಿಕಾರ ಒಪ್ಪಿಸಿದ.

ಎಲ್ಲ ನೆರೆಯವರ ಬಗ್ಗೆಯೂ ಆತ ಹೀಗೆಯೇ ಇದ್ದನೆಂದಲ್ಲ. ಭೂತಾನವೂ ಆಗ ಒಳಜಗಳದಿಂದ ಹರಿದುಹೋಗಿತ್ತು. ಅಲ್ಲಿಗೆ ಹೋದ ಬ್ರಿಟಿಷ್ ದೂತನಿಗೆ ಅವಮಾನವಾದ ಬಳಿಕ 1864ರಲ್ಲಿ ಲಾರೆನ್ಸ್ ಸೇನೆ ಕಳುಹಿಸಿ ತಪ್ಪಲಿನ ದ್ವಾರ್ ಪ್ರದೇಶವನ್ನು ಸೇರಿಸಿಕೊಂಡ. ಆದರೆ ಬೆಟ್ಟದೊಳಗಿನ ರಾಜ್ಯವನ್ನು ಮುಟ್ಟಲಿಲ್ಲ. 1865ರ ಸಿಂಚುಲಾ ಒಪ್ಪಂದದಂತೆ ಕಿತ್ತುಕೊಂಡ ನೆಲಕ್ಕೆ ವಾರ್ಷಿಕ ಹಣವನ್ನೂ ಗೊತ್ತುಮಾಡಿದ. ಆ ಏರ್ಪಾಡು ಎಷ್ಟು ಬಾಳಿಕೆ ಬಂತೆಂದರೆ ಸ್ವತಂತ್ರ ಭಾರತವೂ 1949ರ ಒಪ್ಪಂದದಲ್ಲಿ ಅದನ್ನು ಐದು ಲಕ್ಷ ರೂಪಾಯಿಗೆ ಏರಿಸಿ ಮುಂದುವರಿಸಿತು.

ಗಡಿಯೊಳಗೆ ಆತನ ಹಿಡಿತ ಸಡಿಲವಾಗಿರಲಿಲ್ಲ ಎಂಬುದಕ್ಕೆ ಮೈಸೂರೇ ಸಾಕ್ಷಿ. 1831ರಲ್ಲಿ ಕಳೆದುಕೊಂಡ ಆಡಳಿತವನ್ನು ಮರಳಿಸಬೇಕೆಂಬ ಮುಮ್ಮಡಿ ಕೃಷ್ಣರಾಜ ಒಡೆಯರ ಮನವಿಯನ್ನು ಲಾರೆನ್ಸ್ ಸರ್ಕಾರ ತಳ್ಳಿಹಾಕಿತು. 1865ರಲ್ಲಿ ಒಡೆಯರು ಚಾಮರಾಜೇಂದ್ರರನ್ನು ದತ್ತು ಪಡೆದಾಗಲೂ ಮನ್ನಣೆ ಕೊಡಲಿಲ್ಲ. 1867ರಲ್ಲಿ ಲಂಡನ್ನಿನ ಸರ್ಕಾರವೇ ಬೇರೆ ನಿರ್ಧಾರ ಕೈಗೊಂಡದ್ದರಿಂದ ರಾಜಮನೆತನ ಉಳಿಯಿತು. ಇನ್ನು ಕಾಬೂಲಿನಲ್ಲಿ ವಿವೇಕವೆನಿಸಿದ ಕಾಯುವ ಗುಣ ಒಡಿಶಾದಲ್ಲಿ ಘೋರವಾಯಿತು. 1866ರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬಂಗಾಳದ ಲೆಫ್ಟಿನೆಂಟ್ ಗವರ್ನರನ ಮಾತನ್ನು ನಂಬಿ ಅಕ್ಕಿ ತರಿಸಲು ತಡಮಾಡಿದ್ದಕ್ಕೆ ಲಾರೆನ್ಸ್ ಕೊನೆಯವರೆಗೂ ತನ್ನನ್ನು ಹಳಿದುಕೊಂಡ.

ಕುರುಡನ ಹೋರಾಟ

ನಿವೃತ್ತನಾಗಿ ಲಾರ್ಡ್ ಪದವಿ ಪಡೆದ ಲಾರೆನ್ಸ್, ಲಂಡನ್ನಿನ ಶಾಲಾ ಮಂಡಳಿಯ ಮೊದಲ ಅಧ್ಯಕ್ಷನಾಗಿ ಮೂರು ವರ್ಷ ದುಡಿದ. 1876ರ ಹೊತ್ತಿಗೆ ಕಣ್ಣು ಬಹುತೇಕ ಮಂಜಾಗಿತ್ತು. ಅದೇ ವರ್ಷ ವೈಸರಾಯ್ ಆಗಿ ಬಂದ ಲಿಟ್ಟನ್, ಲಾರೆನ್ಸ್ ಕಟ್ಟಿದ್ದನ್ನೆಲ್ಲ ಬಿಚ್ಚತೊಡಗಿದ. ಕ್ವೆಟ್ಟಾದಲ್ಲಿ ಸೇನೆ ನೆಲೆಯೂರಿತು. ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಅಧಿಕಾರಿ ಇರಲೇಬೇಕೆಂಬ ಪಟ್ಟು ಬಿಗಿಯಾಯಿತು. 1878ರ ಬೇಸಿಗೆಯಲ್ಲಿ ರಷ್ಯಾದ ನಿಯೋಗ ಕಾಬೂಲ್ ತಲುಪಿದಾಗ ಲಿಟ್ಟನ್ ತನ್ನದೂ ಒಂದು ನಿಯೋಗ ಕಳುಹಿಸಿದ. ಅದನ್ನು ಅಲಿ ಮಸೀದಿಯ ಬಳಿ ತಡೆದದ್ದೇ ಯುದ್ಧಕ್ಕೆ ನೆಪವಾಯಿತು.

ಅರುವತ್ತೇಳು ವರ್ಷದ ಲಾರೆನ್ಸ್ ಪತ್ರಿಕೆಗಳಿಗೆ ಪತ್ರದ ಮೇಲೆ ಪತ್ರ ಕಳುಹಿಸಿದ. ಯುದ್ಧವಿರೋಧಿಗಳ ಅಫ್ಘನ್ ಸಮಿತಿಯ ಅಧ್ಯಕ್ಷನಾದ. ಭಾರತವನ್ನು ಉಳಿಸಿದವನೆಂದು ಇಪ್ಪತ್ತು ವರ್ಷ ಹಿಂದೆ ಹೊಗಳಿದ್ದ ದೇಶದಲ್ಲಿ ಆತ ಈಗ ಕಾಲ ಮೀರಿದ ಮುದುಕನೆನಿಸಿಕೊಂಡ. ಯುದ್ಧ ಬೇಗನೆ ಗೆದ್ದಂತೆಯೂ ಕಂಡಿತು. ಶೇರ್ ಅಲಿ ಉತ್ತರಕ್ಕೆ ಓಡಿಹೋಗಿ 1879ರ ಫೆಬ್ರವರಿಯಲ್ಲಿ ಮಜಾರ್ ಎ ಶರೀಫಿನಲ್ಲಿ ಸತ್ತ. ಆತನ ಮಗ ಯಾಕೂಬ್ ಖಾನ್ ಮೇ 26ರಂದು ಗಂದಮಕ್‌ನಲ್ಲಿ ಸಹಿ ಹಾಕಿದ. ಕಾಬೂಲಿಗೆ ಬ್ರಿಟಿಷ್ ಪ್ರತಿನಿಧಿ ಬರುವುದು ಖಚಿತವಾಯಿತು.

ಜೂನ್ 27ರಂದು ಲಾರೆನ್ಸ್ ಲಂಡನ್ನಿನಲ್ಲಿ ನಿಧನನಾದ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಯಿತು. ಜುಲೈ 24ರಂದು ಪ್ರತಿನಿಧಿ ಲೂಯಿ ಕ್ಯಾವಗ್ನಾರಿ ಕಾಬೂಲ್ ಪ್ರವೇಶಿಸಿದ. ಸೆಪ್ಟೆಂಬರ್ 3ರಂದು ಸಂಬಳ ಸಿಗದ ಅಫ್ಘನ್ ಸೈನಿಕರು ದಂಗೆಯೆದ್ದು ಆತನನ್ನೂ ಜತೆಯಲ್ಲಿದ್ದ ಕಾವಲು ಪಡೆಯನ್ನೂ ಕೊಂದರು. ಯುದ್ಧ ಎರಡನೆಯ ಬಾರಿ ಹೊತ್ತಿಕೊಂಡು 1880ರ ಜುಲೈಯಲ್ಲಿ ಮೈವಂದದ ಸೋಲಿನವರೆಗೆ ಹೋಯಿತು.

ಕಾಬೂಲಿಗೆ ಒಬ್ಬ ಅಮೀರನನ್ನು ಹುಡುಕಬೇಕಾಗಿ ಬಂದಾಗ ಬ್ರಿಟಿಷರಿಗೆ ಸಿಕ್ಕಿದ್ದು ಅಫ್ಜಲನ ಮಗ ಅಬ್ದುರ್ ರಹಮಾನ್. ಶೇರ್ ಅಲಿಗೆ ಸೋತು ಹನ್ನೊಂದು ವರ್ಷ ಸಮರಖಂಡದಲ್ಲಿ ರಷ್ಯಾದ ಅನ್ನ ಉಂಡವನು. ವಿದೇಶ ವ್ಯವಹಾರ ಬ್ರಿಟಿಷರ ಮೂಲಕವೇ ನಡೆಯಬೇಕೆಂಬ ಷರತ್ತು ಹೊಸದು. ಉಳಿದುದರಲ್ಲಿ ಲಾರೆನ್ಸನ ಕಾಲದ ಏರ್ಪಾಡೇ ಮರಳಿತು. 1883ರಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಕಾಬೂಲಿಗೆ ಹೋಗತೊಡಗಿತು. ಬ್ರಿಟಿಷ್ ಅಧಿಕಾರಿಯ ಬದಲು ಭಾರತೀಯ ಮುಸ್ಲಿಂ ವಕೀಲನೊಬ್ಬ ಅಲ್ಲಿ ಕುಳಿತು ವರದಿ ಬರೆಯುತ್ತಿದ್ದ. 1919ರ ಮೂರನೆಯ ಅಫ್ಘನ್ ಯುದ್ಧದವರೆಗೂ ಆ ಕ್ರಮ ಬದಲಾಗಲಿಲ್ಲ.